ಕಥೆ, ನಕ್ಷೆ, ನೀರು: ಕಾಸರಗೋಡಿನ ಕನ್ನಡ ಮಾಧ್ಯಮ ಪ್ರಾಥಮಿಕ ತರಗತಿಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳಿಗೆ ಕಥೆ ಬರೆಯುವುದನ್ನು ಕಲಿಸುವ ಬಗ್ಗೆ ಹೆತ್ತವರೂ ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕರೂ ಕೇಳುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ತರಗತಿಯಲ್ಲಿ ಮಾಡಿ ನೋಡಿದ್ದನ್ನು ಆಧರಿಸಿ ಅವುಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಕಥೆ ಬರೆಯುವುದನ್ನು ಭಾಷಾ ತರಗತಿಯಲ್ಲಿ ಕಲಿಸಿದರೆ ಸಾಲದೇ? ಅದರೊಂದಿಗೆ ಭೂಗೋಳವನ್ನೂ ಪರಿಸರ ಪಾಠವನ್ನೂ ಸೇರಿಸುವುದೇಕೆ?

ನಾಲ್ಕನೆಯ ತರಗತಿಯ ಮಕ್ಕಳ ಕೈಗೆ ಕಾಗದ ಕೊಟ್ಟು "ಒಂದು ಕಥೆ ಬರೆಯಿರಿ" ಎಂದಷ್ಟೇ ಹೇಳಿದರೆ ಹೆಚ್ಚಿನವರು "ಒಂದು ಕಾಡಿನಲ್ಲಿ ಒಂದು ಸಿಂಹವಿತ್ತು" ಎಂದೇ ಆರಂಭಿಸುತ್ತಾರೆ. ನಮ್ಮ ಜಿಲ್ಲೆಯ ಯಾವ ಕಾಡಿನಲ್ಲಿಯೂ ಸಿಂಹವಿಲ್ಲ. ಭಾರತದಲ್ಲಿ ಸಿಂಹಗಳು ಕಾಡಿನಲ್ಲಿ ಬದುಕಿರುವುದು ಗುಜರಾತಿನ ಗಿರ್ ಮತ್ತು ಅದರ ಸುತ್ತಮುತ್ತ ಮಾತ್ರ. ಶಾಲೆಗೆ ಬರುವ ದಾರಿಯಲ್ಲಿ ಅಡ್ಡ ಹಾದುಹೋದ ಮುಂಗುಸಿ, ಗದ್ದೆಗೆ ಇಳಿದ ನವಿಲು, ತೆಂಗಿನ ಮರದಿಂದ ಎಳೆಕಾಯಿ ಕೆಡವುವ ಮಂಗ ಇವನ್ನೆಲ್ಲ ದಿನವೂ ಕಾಣುವ ಮಗು ಬರೆಯಲು ಕುಳಿತ ಕೂಡಲೇ ಎಂದೂ ಕಾಣದ ಸಿಂಹವನ್ನು ಕರೆದು ತರುತ್ತದೆ. ಕಥೆ ಎಂದರೆ ತನ್ನ ಊರಿನದ್ದಲ್ಲದ ಯಾವುದೋ ಒಂದು ವಸ್ತು ಎಂಬ ಭಾವನೆ ಅದರ ಮನಸ್ಸಿನಲ್ಲಿ ಅಷ್ಟರೊಳಗೆ ನೆಲೆಯೂರಿರುತ್ತದೆ.

ಒಮ್ಮೆ ಅಂತಹ ಕಥೆ ಬರೆದು ತಂದ ಹುಡುಗಿಯೊಬ್ಬಳಿಗೆ, ಸಿಂಹವನ್ನು ಬಿಟ್ಟು ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಬರೆದು ತಾ ಎಂದು ಹೇಳಿದ್ದೆ. ಮರುದಿನ ಅವಳ ಪುಸ್ತಕದಲ್ಲಿ ಹೀಗಿತ್ತು: "ನಮ್ಮ ಮನೆಯ ಹಿಂದೆ ಗುಡ್ಡ ಉಂಟು. ಗುಡ್ಡದ ಒಳಗೆ ಕತ್ತಲೆ ಉಂಟು. ಕತ್ತಲೆಯ ಒಳಗಿನಿಂದ ನೀರು ಬರುತ್ತದೆ." ಅವಳು ಹೇಳಿದ್ದು ಸುರಂಗದ, ಅಂದರೆ ನೀರಿಗಾಗಿ ಗುಡ್ಡದ ಬದಿಯಲ್ಲಿ ಅಡ್ಡವಾಗಿ ಕೊರೆದ ಬಾವಿಯ ವಿಷಯ. ಆ ಮೂರು ವಾಕ್ಯಗಳಲ್ಲಿ ಕಥೆಯ ಆರಂಭವಿದೆ, ಊರಿನ ಭೂರಚನೆಯಿದೆ, ನೀರಿನ ಮೂಲವೂ ಇದೆ. ಇವನ್ನು ಮೂರು ಬೇರೆ ಬೇರೆ ಪೀರಿಯಡ್‌ಗಳಿಗೆ ಹಂಚಿದವರು ನಾವು ದೊಡ್ಡವರು. ಆ ಹುಡುಗಿಯ ಮಟ್ಟಿಗೆ ಅವು ಒಂದೇ ಆಗಿದ್ದವು.

ಯಾವ ತರಗತಿಯಿಂದ ಆರಂಭಿಸಬಹುದು?

ಒಂದು ಮತ್ತು ಎರಡನೆಯ ತರಗತಿಗಳಲ್ಲಿ ಬಾಯಿಮಾತಿನ ಕಥೆ ಹಾಗೂ ಚಿತ್ರ ಸಾಕು. ಮೂರನೆಯ ತರಗತಿಯಲ್ಲಿ ಐದಾರು ವಾಕ್ಯ ಬರೆಯಿಸಬಹುದು. ಒಂದು ಜಾಗ, ಇಬ್ಬರು ವ್ಯಕ್ತಿಗಳು ಮತ್ತು ಒಂದು ತೊಂದರೆ ಇರುವ ಪೂರ್ಣ ಕಥೆಯನ್ನು ನಾಲ್ಕನೆಯ ತರಗತಿಗಿಂತ ಮೊದಲು ನಿರೀಕ್ಷಿಸುವುದು ಸರಿಯಲ್ಲ.

ನಕ್ಷೆ ಬರೆಯುವುದನ್ನು ಎಲ್ಲಿಂದ ಆರಂಭಿಸಬೇಕು?

ಗೋಡೆಯ ಮೇಲಿನ ಭಾರತದ ನಕ್ಷೆಯಿಂದ ಆರಂಭಿಸಬಾರದು. ಶಾಲೆಯ ಅಂಗಳವನ್ನು ಹೆಜ್ಜೆಯಿಂದ ಅಳೆಯುವುದು ಮೊದಲ ಪಾಠ. ಬಾವಿಕಟ್ಟೆಯಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಕೇಳಿದರೆ ಒಬ್ಬ 22 ಎನ್ನುತ್ತಾನೆ, ಇನ್ನೊಬ್ಬಳು 27 ಎನ್ನುತ್ತಾಳೆ; ಅಳತೆಗೆ ಎಲ್ಲರೂ ಒಪ್ಪಿಕೊಂಡ ಒಂದು ಮಾನ ಬೇಕು ಎಂಬುದನ್ನು ಆ ಜಗಳವೇ ಕಲಿಸಿಕೊಡುತ್ತದೆ. ದಿಕ್ಕಿನ ವಿಷಯದಲ್ಲಿ ನಮ್ಮ ಮಕ್ಕಳು ಭಾಗ್ಯವಂತರು. ಘಟ್ಟ ಪೂರ್ವಕ್ಕೆ, ಕಡಲು ಪಶ್ಚಿಮಕ್ಕೆ ಇರುವುದರಿಂದ ಶಾಲೆಯ ಪಕ್ಕದ ತೋಡು, ಅಂದರೆ ಸಣ್ಣ ಹಳ್ಳ, ಎಷ್ಟೇ ಸುತ್ತಿ ಬಳಸಿ ಹೋದರೂ ಅದರ ನೀರು ಕೊನೆಗೆ ಸೇರುವುದು ಪಶ್ಚಿಮದ ಕಡಲನ್ನೇ ಎಂಬುದನ್ನು ಅವರು ಕಣ್ಣಾರೆ ತಿಳಿಯಬಲ್ಲರು.

ಅಂಗಳದ ಬಳಿಕ ತೋಡು, ತೋಡಿನ ಬಳಿಕ ಹೊಳೆ. ಕೇರಳದ 44 ನದಿಗಳಲ್ಲಿ ಅತಿ ಚಿಕ್ಕದಾದ ಮಂಜೇಶ್ವರ ಹೊಳೆ ನಮ್ಮಲ್ಲಿಯೇ ಇದೆ, ಅದರ ಉದ್ದ ಕೇವಲ 16 ಕಿಲೋಮೀಟರು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 105 ಕಿಲೋಮೀಟರು ಹರಿದು ತಳಂಗರೆಯ ಬಳಿ ಕಡಲು ಸೇರುವ ಚಂದ್ರಗಿರಿಯೂ ನಮ್ಮದೇ. ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಳ್ಳುವ ನೀರು ಕೆಳಗೆ ಬರುತ್ತ ಚಂದ್ರಗಿರಿಯಾಗುತ್ತದೆ; ತುಳುನಾಡಿಗೂ ಮಲಯಾಳ ನಾಡಿಗೂ ಈ ಹೊಳೆಯೇ ಗಡಿ ಎಂದು ಹಿಂದಿನವರು ಎಣಿಸುತ್ತಿದ್ದರು.

ಇಲ್ಲಿಯೇ ಕಥೆಗೂ ದಾರಿ ಸಿಗುತ್ತದೆ. ಸುಳ್ಯದ ತೋಟವೊಂದರಲ್ಲಿ ಬಿದ್ದ ಅಡಿಕೆ ಹಾಳೆಯೊಂದು ಮಳೆಗಾಲದ ನೀರಿನಲ್ಲಿ ತೇಲಿ ತಳಂಗರೆಯವರೆಗೆ ಬರುತ್ತದೆ, ದಾರಿಯಲ್ಲಿ ಅದಕ್ಕೆ ಯಾರ ಯಾರ ಮಾತು ಕೇಳಿಸುತ್ತದೆ ಎಂಬುದನ್ನು ಬರೆಯಿರಿ ಎಂದು ಐದನೆಯ ತರಗತಿಗೆ ಹೇಳಿದಾಗ ಮಕ್ಕಳು ತಾವಾಗಿಯೇ ನಕ್ಷೆಯನ್ನು ಬಿಡಿಸಿ ನೋಡತೊಡಗಿದರು. ಆ ಹಾಳೆಗೆ ಮೊದಲು ಸುಳ್ಯದ ಕಡೆಯ ಆಡುನುಡಿಯಾದ ಅರೆಭಾಷೆ ಕೇಳಿಸಬೇಕು, ಆಮೇಲೆ ತುಳು ಮತ್ತು ಕನ್ನಡ, ಕಡಲ ಹತ್ತಿರ ಬರುವಾಗ ಮಲಯಾಳ. ಯಾವ ತಿರುವಿನಲ್ಲಿ ಭಾಷೆ ಬದಲಾಗುತ್ತದೆ ಎಂಬ ಬಗ್ಗೆ ಅವರು ಮಧ್ಯಾಹ್ನದ ಊಟದ ಹೊತ್ತಿನವರೆಗೂ ಚರ್ಚಿಸಿದರು. ನದಿಯ ಉದ್ದವನ್ನು ಬಾಯಿಪಾಠ ಮಾಡಿಸುವ ಅಗತ್ಯ ಆ ವರ್ಷ ಬರಲಿಲ್ಲ.

ಊರಿನ ಹೆಸರುಗಳಿಂದ ಭೂಗೋಳ ಕಲಿಸಬಹುದೇ?

ಖಂಡಿತ. ಬದಿಯಡ್ಕ, ಏತಡ್ಕ, ಬಂದಡ್ಕ, ಧರ್ಮತ್ತಡ್ಕ ಎಂಬ ಹೆಸರುಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಸುಮ್ಮನೆ ನಿಂತರೆ ಸಾಕು, "ಅಡ್ಕ" ಎಲ್ಲದರಲ್ಲಿಯೂ ಇದೆಯೆಂದು ಮಕ್ಕಳೇ ಕೂಗುತ್ತಾರೆ. ಅಡ್ಕವೆಂದರೆ ಮರಗಳಿಲ್ಲದ ತೆರೆದ ಸಮನೆಲ. ಹಾಗೆಯೇ ಬೈಲು, ಮಜಲು, ಬೆಟ್ಟು ಎಂಬ ಮೂರು ಪದಗಳು ಗದ್ದೆಗಳ ಎತ್ತರವನ್ನು ಹೇಳುತ್ತವೆ: ತಗ್ಗಿನಲ್ಲಿ ನೀರು ಹೆಚ್ಚು ಕಾಲ ನಿಲ್ಲುವ ಗದ್ದೆ ಬೈಲು, ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನಂಬಿದ ಮೇಲ್ಮಟ್ಟದ ಗದ್ದೆ ಬೆಟ್ಟು. ಗದ್ದೆಗಳು ತೋಟವಾಗಿ, ತೋಟಗಳು ಮನೆ ಕಟ್ಟುವ ಜಾಗಗಳಾಗಿ ಮಾರ್ಪಟ್ಟ ಮೇಲೆ ಈ ಪದಗಳು ಉಳಿದಿರುವುದು ಬಹುಮಟ್ಟಿಗೆ ಮನೆಗಳ ಮತ್ತು ಬಸ್ ನಿಲ್ದಾಣಗಳ ಹೆಸರಿನಲ್ಲಿ ಮಾತ್ರ. ತನ್ನ ಮನೆಯ ಹೆಸರಿನಲ್ಲಿರುವ "ಮಜಲು" ಎಂಬುದಕ್ಕೆ ಅರ್ಥವಿದೆ ಎಂದು ಮಗುವಿಗೆ ಹೇಳಿಕೊಡುವ ಹೊಣೆ ಅಧ್ಯಾಪಕರದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಸುರಂಗ, ಕಟ್ಟ, ಮದಕ ಇವು ಪ್ರಾಥಮಿಕ ತರಗತಿಯ ಮಕ್ಕಳಿಗೆ ಕಠಿಣವಾಗುವುದಿಲ್ಲವೇ?

ಮನೆಯ ಹಿತ್ತಲಿನಲ್ಲಿರುವ ವಸ್ತು ಕಠಿಣವಾಗಲು ಕಾರಣವಿಲ್ಲ. ಸುರಂಗವೆಂದರೆ ಅಡ್ಡಬಾವಿ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡದ ಬದಿಯನ್ನು ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆಯುತ್ತ ಹೋದರೆ, ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಒಳಗಿನ ಗೋಡೆಗಳಿಂದ ಒಸರಿ, ನೆಲದ ಇಳಿಜಾರಿನಲ್ಲಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಅದಕ್ಕೆ ಪಂಪು ಬೇಡ, ವಿದ್ಯುತ್ತು ಬೇಡ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಾಡುಗಳ ಕೃಷಿಕರು ಅಡಿಕೆ ತೋಟಗಳನ್ನು ಉಳಿಸಿಕೊಂಡದ್ದು ಈ ವಿದ್ಯೆಯಿಂದ. ಸುರಂಗದ ಉದ್ದವನ್ನು ಹಿರಿಯರು "ಕೋಲು" ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಕೋಲು ಸುಮಾರು 70 ಸೆಂಟಿಮೀಟರು. ಅಜ್ಜ ಹೇಳಿದ ಕೋಲುಗಳನ್ನು ಮೀಟರಿಗೆ ಪರಿವರ್ತಿಸುವುದು ಗಣಿತದ ಪಾಠಕ್ಕೂ ಸೇರುತ್ತದೆ.

ಕಟ್ಟವೆಂದರೆ ಮಳೆ ನಿಂತು ತೋಡಿನ ಸೆಳೆತ ಕಡಿಮೆಯಾದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಇವುಗಳಿಂದ ನೀರಿಗೆ ಅಡ್ಡಲಾಗಿ ಕಟ್ಟುವ ತಾತ್ಕಾಲಿಕ ಒಡ್ಡು. ಮುಂದಿನ ಮಳೆಗಾಲಕ್ಕೆ ಅದು ಇರುವುದಿಲ್ಲ, ಪ್ರತಿವರ್ಷವೂ ಹೊಸತಾಗಿ ಕಟ್ಟಬೇಕು. ಏತಡ್ಕದ ಕೃಷಿಕರು ಒಟ್ಟು ಸೇರಿ ಕಟ್ಟುವ ಕಟ್ಟಗಳ ಬಗ್ಗೆ ದೂರದ ಊರುಗಳಿಂದಲೂ ಜನ ಬಂದು ತಿಳಿದುಕೊಂಡು ಹೋಗಿದ್ದಾರೆ. ಮೇಲಿನ ತೋಟದವರು ಕಟ್ಟಿದ ಕಟ್ಟದಿಂದ ಕೆಳಗಿನವರ ಬಾವಿಯ ನೀರು ಏರುತ್ತದೆ, ಆದರೆ ಎಲ್ಲರೂ ಕೈಸೇರಿಸದಿದ್ದರೆ ಕಟ್ಟ ಏಳುವುದೇ ಇಲ್ಲ. ಮಗುವಿನ ಕಥೆಗೆ ಇದಕ್ಕಿಂತ ಒಳ್ಳೆಯ "ತೊಂದರೆ" ನನಗೆ ಹೊಳೆದಿಲ್ಲ. ಈ ವರ್ಷ ಕಟ್ಟ ಕಟ್ಟಲು ಒಬ್ಬರು ಬರಲಿಲ್ಲ, ಮುಂದೇನಾಯಿತು ಎಂದು ಕೇಳಿದರೆ ಪ್ರತಿಯೊಂದು ಮಗುವಿಗೂ ಹೇಳಲು ಏನಾದರೊಂದು ಇರುತ್ತದೆ.

ಮದಕವೆಂದರೆ ಗುಡ್ಡದ ಮೇಲ್ಭಾಗದ ತಗ್ಗಿನಲ್ಲಿ, ಇಳಿಜಾರಿನ ಕಡೆಗೆ ಒಡ್ಡು ಹಾಕಿ ಮಳೆನೀರು ನಿಲ್ಲಿಸುವ ಕೆರೆ. ಕೆಳಗಿನ ಬಾವಿಗಳಿಗೂ ಸುರಂಗಗಳಿಗೂ ನೀರು ಇಂಗಿಸಿಕೊಡುವುದು ಅದರ ಕೆಲಸ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಮಕ್ಕಳು ಸುರಂಗದ ಒಳಗೆ ಹೋಗಕೂಡದು. ಒಳಗಿನ ಮಣ್ಣು ಕುಸಿಯಬಹುದು, ಗಾಳಿ ಕಡಿಮೆಯಿರಬಹುದು, ಹಾವುಗಳಿರಬಹುದು. ಬಾಯಿಯಲ್ಲಿ ನಿಂತು, ಹಿರಿಯರೊಬ್ಬರು ಜೊತೆಗಿರುವಾಗ, ಒಳಗಿನಿಂದ ಬರುವ ತಂಪನ್ನು ಅನುಭವಿಸಿ ಹಿಂದಿರುಗಿದರೆ ಕಥೆಗೆ ಬೇಕಾದದ್ದು ಸಿಕ್ಕಿರುತ್ತದೆ.

ಮನೆಯಲ್ಲಿ ತುಳು ಅಥವಾ ಮಲಯಾಳ ಆಡುವ ಮಗು ಕನ್ನಡದಲ್ಲಿ ಕಥೆ ಬರೆಯಬಲ್ಲದೇ? ಮನೆಮಾತು ಬೆರೆತರೆ ತಿದ್ದಬೇಕೇ?

ನನ್ನ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ತುಳು, ಹವ್ಯಕ ಕನ್ನಡ, ಬ್ಯಾರಿ ಮತ್ತು ಮರಾಠಿ ಮನೆಮಾತಿನ ನಾಲ್ವರು ಕುಳಿತದ್ದುಂಟು. ಅಂತಹ ಬೆಂಚು ಅನಾನುಕೂಲವೆಂದು ನನಗೆ ಎಂದೂ ಅನ್ನಿಸಲಿಲ್ಲ. ನಾವು ಇಟ್ಟುಕೊಂಡಿರುವ ಪದ್ಧತಿ ಹೀಗಿದೆ: ಕಥೆಯ ನಿರೂಪಣೆ ಶಾಲೆಯ ಕನ್ನಡದಲ್ಲಿರಲಿ, ಮಾತುಕತೆ ಆಯಾ ವ್ಯಕ್ತಿ ನಿಜವಾಗಿ ಆಡುವ ಭಾಷೆಯಲ್ಲಿರಲಿ, ಲಿಪಿ ಕನ್ನಡದ್ದಾಗಿರಲಿ. ಅಜ್ಜಿ ತುಳುವಿನಲ್ಲಿ "ಬರ್ಸ ಬರ್ಪುಂಡು" ಎಂದರೆ ಹಾಗೆಯೇ ಬರೆಯಬೇಕು, ಮುಂದಿನ ವಾಕ್ಯದಲ್ಲಿ ಮಳೆ ಬಂದೇ ಬರುತ್ತದೆ, ಓದುವವನಿಗೆ ಅರ್ಥವಾಗುತ್ತದೆ. ಅಜ್ಜಿಯ ಬಾಯಿಗೆ ಪಠ್ಯಪುಸ್ತಕದ ಕನ್ನಡ ತುರುಕಿದರೆ ಆ ಅಜ್ಜಿ ಕಥೆಯಲ್ಲಿ ಉಳಿಯುವುದಿಲ್ಲ.

ಇದರ ಜೊತೆಗೆ ಶಾಲೆಯ ಕನ್ನಡವನ್ನು ಗಟ್ಟಿಯಾಗಿ ಕಲಿಸುವುದರಲ್ಲಿ ಸಡಿಲಿಕೆ ಇರಬಾರದು. 1956ರ ನವೆಂಬರ್ 1ರಂದು ಈ ಪ್ರದೇಶ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಮೇಲೆ ಮಕ್ಕಳಿಗೆ ಅಂಗಡಿಯ ಬೋರ್ಡಿನಲ್ಲಿ, ಬಸ್ಸಿನ ಹಣೆಯ ಮೇಲೆ, ಕಚೇರಿಯ ಅರ್ಜಿಯಲ್ಲಿ ಕನ್ನಡ ಕಾಣುವುದು ಕಡಿಮೆಯಾಗುತ್ತ ಬಂದಿದೆ. ಹೀಗಿರುವಾಗ ಮಗು ಕನ್ನಡದಲ್ಲಿ ತಾನೇ ಯೋಚಿಸಿ ಹತ್ತು ವಾಕ್ಯ ಬರೆಯುವ ಸ್ಥಳ ಬಹುಶಃ ತರಗತಿಯೊಂದೇ. ಆ ಹತ್ತು ವಾಕ್ಯಗಳನ್ನು ನಾನು ಬಹಳ ಬೆಲೆಯುಳ್ಳವೆಂದು ತಿಳಿದಿದ್ದೇನೆ.

ಕಾಗುಣಿತದ ತಪ್ಪುಗಳನ್ನು ಯಾವಾಗ ತಿದ್ದಬೇಕು?

ಮೊದಲ ಬರವಣಿಗೆಯಲ್ಲಿ ತಿದ್ದಬಾರದು. ಕೆಂಪು ಶಾಯಿ ಕಂಡ ಮಗು ಮುಂದಿನ ಸಲ ತನಗೆ ಸರಿಯಾಗಿ ಬರೆಯಲು ಬರುವ ಪದಗಳನ್ನು ಮಾತ್ರ ಬಳಸುತ್ತದೆ, "ಒಸರು" ಎಂದು ಬರೆಯಬೇಕಾದಲ್ಲಿ "ಬರುತ್ತದೆ" ಎಂದು ಬರೆದು ಮುಗಿಸುತ್ತದೆ. ಎರಡನೆಯ ಪ್ರತಿಯಲ್ಲಿ ಮಹಾಪ್ರಾಣ, ಒತ್ತಕ್ಷರ, ಲ-ಳ ವ್ಯತ್ಯಾಸ ಇವನ್ನು ಜೊತೆಯಲ್ಲಿ ಕುಳಿತು ನೋಡಬಹುದು.

ಕಥೆಯಲ್ಲಿ ಏನನ್ನು ಬೇಕಾದರೂ ಕಲ್ಪಿಸಬಹುದೇ? ಸುಳ್ಳು ಮತ್ತು ಕಲ್ಪನೆಯ ವ್ಯತ್ಯಾಸವನ್ನು ಹೇಗೆ ವಿವರಿಸುವುದು?

ಕುಂಬಳೆ ಬಳಿಯ ಅನಂತಪುರದ ಕೆರೆ ದೇವಾಲಯದಲ್ಲಿದ್ದ ಬಬಿಯಾ ಎಂಬ ಮೊಸಳೆಯನ್ನು ತಿಳಿಯದ ಮಕ್ಕಳು ನಮ್ಮಲ್ಲಿ ಇಲ್ಲ. ಅದು 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ಮುಂದಿನ ವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದು ಎಲ್ಲಿಂದ ಬಂದಿರಬಹುದು ಎಂದು ಕೇಳಿದಾಗ ತರಗತಿಯಲ್ಲಿ ಒಬ್ಬ ಹೊಳೆಯಿಂದ ಎಂದ, ಇನ್ನೊಬ್ಬಳು ಗುಹೆಯ ಒಳದಾರಿಯಿಂದ ಎಂದಳು, ಮೂರನೆಯವನು ಬಬಿಯಾ ಕಳುಹಿಸಿಕೊಟ್ಟದ್ದು ಎಂದ. ಮೂರೂ ಕಥೆಗಳೇ. ಮೊಸಳೆಯ ಮನಸ್ಸಿನೊಳಗೆ ಏನಿತ್ತು ಎಂಬುದನ್ನು ಮಗು ಸ್ವತಂತ್ರವಾಗಿ ಕಲ್ಪಿಸಲಿ. ಆದರೆ ಕೆರೆ ಎಲ್ಲಿದೆ, ಹೊಳೆ ಯಾವ ಕಡೆಗಿದೆ, ನಡುವೆ ಎಷ್ಟು ದೂರ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ವಿಚಾರಿಸಿಕೊಂಡೇ ಬರೆಯಬೇಕು. ಪಾತ್ರವನ್ನು ಕಲ್ಪಿಸು, ಜಾಗವನ್ನು ಕಲ್ಪಿಸಬೇಡ ಎಂಬುದು ನಮ್ಮ ತರಗತಿಯ ನಿಯಮ.

ಮಳೆಯನ್ನು ಮಕ್ಕಳೇ ಅಳೆಯಬಹುದೇ?

ನೆಟ್ಟಗಿನ ಬದಿಯಿರುವ ಪಾರದರ್ಶಕ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ತಲೆಕೆಳಗಾಗಿ ಆಲಿಕೆಯಂತೆ ಇಟ್ಟು, ತಳದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು ಮತ್ತು ನೀರು ಹಾಕಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಹಾಕಿದರೆ ಮಳೆಮಾಪಕ ಸಿದ್ಧ. ಮರದ ಕೆಳಗೂ ಮಾಡಿನ ಅಂಚಿನಲ್ಲಿಯೂ ಇಡಬಾರದು. ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದು ಚೆಲ್ಲಬೇಕು. ಒಂದು ದಿನದ ಮಳೆ 64.5 ಮಿಲಿಮೀಟರು ಮುಟ್ಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಭಾರಿ ಮಳೆ ಎಂದು ತಿಳಿದ ಮೇಲೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಮಕ್ಕಳು ಓಡೋಡಿ ಬಂದು ಬಾಟಲಿ ನೋಡುತ್ತಾರೆ.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂದರೆ 100 ಚದರ ಮೀಟರಿನ ಶಾಲೆಯ ಮಾಡಿನ ಮೇಲೆ ವರ್ಷದಲ್ಲಿ ಬೀಳುವ ನೀರು 3 ಲಕ್ಷ ಲೀಟರಿಗೂ ಹೆಚ್ಚು. ಈ ಲೆಕ್ಕವನ್ನು ಐದನೆಯ ತರಗತಿಯ ಹುಡುಗನೊಬ್ಬ ಮಾಡಿ ಮುಗಿಸಿ, "ಹಾಗಾದರೆ ಎಪ್ರಿಲಿನಲ್ಲಿ ಟ್ಯಾಂಕರ್ ಯಾಕೆ ಬರುತ್ತದೆ?" ಎಂದು ಕೇಳಿದ. ಆ ಪ್ರಶ್ನೆಯೇ ಅವನ ಕಥೆಯ ತಲೆಬರಹವಾಯಿತು.

ಜೂನ್ 5ರ ಪರಿಸರ ದಿನದಂದು ಗಿಡ ನೆಟ್ಟರೆ ಪರಿಸರ ಪಾಠ ಆಯಿತಲ್ಲವೇ?

ಆಗಲಿಲ್ಲ ಎಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಯ ಹಿಂದಿನ ಪದವು, ಅಂದರೆ ಗುಡ್ಡದ ಮೇಲಿನ ಮುರಕಲ್ಲಿನ ಬಯಲು, ಬರಿದಾಗಿದೆಯೆಂದು ಎಣಿಸಿ ಮಕ್ಕಳನ್ನು ಕರೆದುಕೊಂಡು ಹೋಗಿ ಪಾರೆಯ ಸಂದಿನಲ್ಲಿ ಸಸಿ ನೆಡಿಸಿದೆ. ಮಾರ್ಚಿಗೆ ಮುಂಚೆಯೇ ಎಲ್ಲವೂ ಒಣಗಿದವು. ಮರುವರ್ಷ ಆಗಸ್ಟ್-ಸೆಪ್ಟೆಂಬರಿನ ಸೋಣ ತಿಂಗಳಿನಲ್ಲಿ ಅದೇ ಜಾಗಕ್ಕೆ ಸಸಿಯಿಲ್ಲದೆ ಹೋದೆವು. ಮುರಕಲ್ಲಿನ ಮೇಲೆ ಬೆರಳಿನಷ್ಟೂ ಮಣ್ಣಿಲ್ಲದ ಕಡೆಗಳಲ್ಲಿ ನೀಲಿ ಹೂಗಳ ಹಾಸು ಹಬ್ಬಿತ್ತು, ತಗ್ಗುಗಳಲ್ಲಿ ನಿಂತ ನೀರಿನಲ್ಲಿ ಗೊದಮೊಟ್ಟೆಗಳಿದ್ದವು. ಮಂಡಿಯೂರಿ ನೋಡಿದ ಹುಡುಗಿಯೊಬ್ಬಳಿಗೆ, ಎಲೆಯ ಕೆಂಪು ಕೂದಲುಗಳ ತುದಿಯಲ್ಲಿ ಅಂಟು ಹನಿ ಹೊತ್ತ ಡ್ರೊಸೆರಾ ಗಿಡ ಕಾಣಿಸಿತು, ಅದರಲ್ಲಿ ಒಂದು ಸಣ್ಣ ಹುಳು ಅಂಟಿಕೊಂಡಿತ್ತು. ಮಣ್ಣಿನಲ್ಲಿ ಸಾರಜನಕ ಸಾಲದಿರುವುದರಿಂದ ಆ ಗಿಡ ಹುಳುಗಳನ್ನು ಹಿಡಿದು ಅದನ್ನು ಪಡೆಯುತ್ತದೆ.

ಪದವು ಬಂಜರಲ್ಲ. ಅದು ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಕಣ್ಣಿಗೆ ಬೀಳುವ ಜೀವಲೋಕ, ಜೊತೆಗೆ ಗುಡ್ಡದೊಳಗೆ ನೀರು ಇಳಿಯುವ ದಾರಿ. ಎಲ್ಲಿ ಮರ ನೆಡಬೇಕು, ಎಲ್ಲಿ ಕೈಹಾಕದೆ ಬಿಡಬೇಕು ಎಂಬ ವಿವೇಚನೆಯೇ ಪರಿಸರ ಪಾಠದ ಮುಖ್ಯ ಭಾಗ. ನೆಟ್ಟ ಗಿಡದ ಬಗ್ಗೆ ಹೇಳುವುದಾದರೆ, ಕಳೆದ ವರ್ಷದ ಗಿಡದ ಎತ್ತರವನ್ನು ಅಳೆದು ಬರೆದ ಮಗುವಿಗೆ ಮಾತ್ರ ಈ ವರ್ಷ ಹೊಸ ಸಸಿ ಕೊಡುವುದು ಒಳ್ಳೆಯದು.

ಎಂಡೋಸಲ್ಫಾನ್ ವಿಷಯವನ್ನು ಇಷ್ಟು ಚಿಕ್ಕ ಮಕ್ಕಳಿಗೆ ಹೇಳಬೇಕೇ?

ಎಣ್ಮಕಜೆಯಂತಹ ಗ್ರಾಮಗಳಲ್ಲಿ ಹೇಳದೇ ಇರಲು ಸಾಧ್ಯವಿಲ್ಲ. ಹೇಳುವ ಬಗೆಯನ್ನು ಮಾತ್ರ ಯೋಚಿಸಬೇಕು. ಗೇರು ತೋಟಗಳ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸಿಂಪಡಿಸಲಾಯಿತು, ಅದು ತೋಟದಲ್ಲಿಯೇ ನಿಲ್ಲದೆ ತೋಡು, ಕೆರೆ, ಅಂಗಳಗಳಿಗೂ ಬಿದ್ದಿತು, ಜನರ ದೀರ್ಘ ಹೋರಾಟದ ಬಳಿಕ 2011ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಷೇಧಿಸಿತು ಎಂಬಷ್ಟನ್ನು ಐದನೆಯ ತರಗತಿಯ ಬಳಿಕ ಸರಳವಾಗಿ ಹೇಳಬಹುದು. ಸಂತ್ರಸ್ತರ ಚಿತ್ರಗಳನ್ನು ತೋರಿಸುವುದು ಬೇಡ. ಅವರು ನಮ್ಮ ಮಕ್ಕಳ ಅಕ್ಕಂದಿರು, ಅಣ್ಣಂದಿರು, ನೆರೆಯವರು. ಅವರನ್ನು ಪಾಠದ ಉದಾಹರಣೆಯಾಗಿ ಮಾಡಕೂಡದು. ಇದರ ಬಗ್ಗೆ ಕಥೆ ಬರೆಯಿರಿ ಎಂದು ನಾನು ಎಂದೂ ಹೇಳಿಲ್ಲ. ತಾನಾಗಿ ಬರೆದು ತಂದ ಮಗುವಿನ ಕಥೆಯನ್ನು ಎಲ್ಲರ ಮುಂದೆ ಓದಿಸುವ ಮೊದಲು ಮಗುವನ್ನೂ ಮನೆಯವರನ್ನೂ ಕೇಳುತ್ತೇನೆ.

ನಮಗೆ ಕನ್ನಡ ಓದಲು ಬರುವುದಿಲ್ಲ. ಮನೆಯಲ್ಲಿ ಹೇಗೆ ಸಹಾಯ ಮಾಡಬಹುದು?

ಓದಲು ಬರಬೇಕೆಂದಿಲ್ಲ, ಹೇಳಲು ಬಂದರೆ ಸಾಕು. ನಿಮ್ಮ ಬಾಲ್ಯದಲ್ಲಿ ಬಾವಿಯ ನೀರು ಎಷ್ಟು ಮೆಟ್ಟಿಲು ಕೆಳಗಿತ್ತು, ಗದ್ದೆ ಎಲ್ಲಿಯವರೆಗಿತ್ತು, ಹೊಳೆ ದಾಟುತ್ತಿದ್ದದ್ದು ಪಾಪಿನಲ್ಲೋ (ಕಾಲುಸಂಕದಲ್ಲೋ) ದೋಣಿಯಲ್ಲೋ ಎಂಬುದನ್ನು ನಿಮ್ಮದೇ ಭಾಷೆಯಲ್ಲಿ ಮಗುವಿಗೆ ಹೇಳಿ. ಅದನ್ನು ಕನ್ನಡಕ್ಕೆ ತರುವ ಕೆಲಸ ಮಗುವಿನದ್ದು.

ಮೊಬೈಲಿನಿಂದ ಕಥೆ ತೆಗೆದು ಬರೆದರೆ ಏನು ಮಾಡುತ್ತೀರಿ?

ಗದರಿಸುವುದಿಲ್ಲ. ಆ ಕಥೆ ನಡೆದ ಜಾಗದ ನಕ್ಷೆ ಬರೆದು ಕೊಡು ಎನ್ನುತ್ತೇನೆ. ಸ್ವಂತ ಕಥೆ ಬರೆದವರು ಎರಡು ನಿಮಿಷದಲ್ಲಿ ಬರೆಯುತ್ತಾರೆ. ಉಳಿದವರು ಮರುದಿನ ಬೇರೆ ಕಥೆ ತರುತ್ತಾರೆ.

ಬರೆದು ಮುಗಿದ ಕಥೆಗಳನ್ನು ಏನು ಮಾಡಬೇಕು?

ಪರೀಕ್ಷೆಯ ಕಾಗದಗಳ ಜೊತೆ ಕಟ್ಟಿಡಬಾರದು. ನಾವು ಪ್ರತಿವರ್ಷ ಫೆಬ್ರವರಿಯಲ್ಲಿ ಕಥೆಗಳನ್ನೂ ನಕ್ಷೆಗಳನ್ನೂ ಸೇರಿಸಿ, ದಪ್ಪ ರಟ್ಟಿನ ಹೊದಿಕೆ ಹಾಕಿ, ಗೋಣಿದಾರದಿಂದ ಹೊಲಿದು ಶಾಲೆಯ ಗ್ರಂಥಾಲಯದಲ್ಲಿ ಇಡುತ್ತೇವೆ. ಪ್ರತಿಯೊಂದು ಕಥೆಯ ಕೊನೆಗೆ ಅರ್ಧ ಪುಟ ಖಾಲಿ ಬಿಡುತ್ತೇವೆ. ಮುಂದಿನ ವರ್ಷದ ಮಕ್ಕಳು ಆ ಜಾಗಕ್ಕೆ ಹೋಗಿ ನೋಡಿ, ಏನು ಬದಲಾಗಿದೆ ಎಂಬುದನ್ನು ಅಲ್ಲಿ ಬರೆಯುತ್ತಾರೆ. ಸುರಂಗದ ಕಥೆ ಬರೆದ ಹುಡುಗಿಯ ಪುಟದ ಕೆಳಗೆ ಈಗ ಮೂವರ ಕೈಬರಹವಿದೆ. ಕೊನೆಯದು ಹೀಗಿದೆ: "ಮಾರ್ಚ್ 12. ನೀರು ಉಂಟು. ನೂಲಿನಷ್ಟು ಸಣ್ಣ."